ಹಿಮಾಲಯದ ತಿರುವಿನ ಗುಟ್ಟು ಬಿಡಿಸಿದ ಡಿ.ಎನ್. ವಾಡಿಯಾ

ಭೂಪಟದ ಮೇಲೆ ಹಿಮಾಲಯವನ್ನು ಪೂರ್ವದಿಂದ ಪಶ್ಚಿಮಕ್ಕೆ ಅನುಸರಿಸುತ್ತ ಹೋದರೆ ಕಾಶ್ಮೀರದ ಅಂಚಿನಲ್ಲಿ ಒಂದು ವಿಚಿತ್ರ ಕಾಣಿಸುತ್ತದೆ. ವಾಯವ್ಯ ದಿಕ್ಕಿಗೆ ಸಾಗುತ್ತಿದ್ದ ಬೆಟ್ಟದ ಸಾಲುಗಳು ಮುಜಫರಾಬಾದ್ ಸಮೀಪ, ಘಟ್ಟದ ರಸ್ತೆಯ ಹೇರ್‌ಪಿನ್ ತಿರುವಿನಂತೆ, ಥಟ್ಟನೆ ದಕ್ಷಿಣಕ್ಕೆ ಹೊರಳುತ್ತವೆ. ಈ ತಿರುವಿನ ಗುಟ್ಟನ್ನು ಬಿಡಿಸಿದವರು ವಿದೇಶಿ ಪದವಿಯಿಲ್ಲದ ಒಬ್ಬ ಕಾಲೇಜು ಮೇಷ್ಟರು, ದಾರಾಷಾ ನೌಶೇರ್‌ವಾನ್ ವಾಡಿಯಾ.

ವಾಡಿಯಾ ಜನಿಸಿದ್ದು 1883ರ ಅಕ್ಟೋಬರ್ 25ರಂದು, ಸೂರತ್‌ನ ಪಾರ್ಸಿ ಕುಟುಂಬದಲ್ಲಿ. ಪೂರ್ವಜರು ಹಡಗು ಕಟ್ಟುವುದರಲ್ಲಿ ಹೆಸರಾದವರು. ತಂದೆ ರೈಲ್ವೆ ಸ್ಟೇಷನ್ ಮಾಸ್ತರರು. ಬರೋಡಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಜೊತೆಗೆ ಭೂವಿಜ್ಞಾನವನ್ನೂ ಅಭ್ಯಸಿಸಿದ ಅವರು 1907ರಲ್ಲಿ ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು.

ಅಲ್ಲಿ ಕಳೆದ ಹದಿನಾಲ್ಕು ವರ್ಷಗಳೇ ಅವರನ್ನು ರೂಪಿಸಿದವು. ಕಾಲೇಜಿನ ಹೊರಗೆ ಕಾಲಿಟ್ಟರೆ ಶಿವಾಲಿಕ್ ಬೆಟ್ಟಗಳು. ರಜೆ ಬಂದರೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅವರು ಬೆಟ್ಟ ಹತ್ತುತ್ತಿದ್ದರು. ಅಂಥ ಒಂದು ಅಲೆದಾಟದಲ್ಲೇ ಸ್ಟೆಗೊಡಾನ್ ಗಣೇಶ ಎಂಬ ಅಳಿದುಹೋದ ಆನೆಜಾತಿಯ ಪ್ರಾಣಿಯ ಬೃಹತ್ ದಂತದ ಪಳೆಯುಳಿಕೆ ದೊರೆಯಿತು. ಭಾರತದ ವಿದ್ಯಾರ್ಥಿಗಳಿಗೆ ತಕ್ಕ ಪಠ್ಯವಿಲ್ಲದ ಕೊರತೆಯನ್ನು ನೀಗಿಸಲು ಅವರು ಬರೆದ 'ಜಿಯಾಲಜಿ ಆಫ್ ಇಂಡಿಯಾ' 1919ರಲ್ಲಿ ಪ್ರಕಟವಾಗಿ, ಹಲವು ಆವೃತ್ತಿಗಳನ್ನು ಕಂಡಿತು.

1921ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ವಾಡಿಯಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಿದರು. ಯುರೋಪಿನ ವಿಶ್ವವಿದ್ಯಾಲಯದ ಪದವಿ ಇಲ್ಲದೆಯೇ ಅಲ್ಲಿ ಸಹಾಯಕ ಸೂಪರಿಂಟೆಂಡೆಂಟ್ ಹುದ್ದೆ ಪಡೆದ ಮೊದಲ ಭಾರತೀಯ ಅವರು. ಪೂಂಚ್, ಪೀರ್ ಪಂಜಾಲ್, ಹಜಾರಾ, ನಂಗಾ ಪರ್ಬತ್ ಪ್ರದೇಶಗಳಲ್ಲಿ ವರ್ಷಾನುಗಟ್ಟಲೆ ನಡೆದು ಬಂಡೆಗಳ ನಕ್ಷೆ ತಯಾರಿಸಿದರು.

ಆ ತಿರುವಿನಲ್ಲಿ ಎರಡು ಬೇರೆ ಬೇರೆ ಪರ್ವತ ವ್ಯವಸ್ಥೆಗಳು ಸಂಧಿಸುತ್ತವೆ ಎಂಬ ಅಭಿಪ್ರಾಯ ಆಗ ಇತ್ತು. ವಾಡಿಯಾ ಕಂಡದ್ದೇ ಬೇರೆ. ತಿರುವಿನ ಪೂರ್ವಕ್ಕಿದ್ದ ಶಿಲಾಪದರಗಳೇ, ಅದೇ ಅನುಕ್ರಮದಲ್ಲಿ, ಪಶ್ಚಿಮಕ್ಕೂ ಮುಂದುವರಿದಿದ್ದವು. ಅಂದರೆ ಪರ್ವತ ಒಂದೇ, ಅದು ಬಾಗಿದೆ. ಬಾಗಿಸಿದ್ದು ಯಾವುದು? ಪಂಜಾಬಿನ ಬಯಲಿನಡಿ ಹುದುಗಿರುವ, ನಾಲಿಗೆಯಂತೆ ಉತ್ತರಕ್ಕೆ ಚಾಚಿಕೊಂಡ ಪುರಾತನ ಗಟ್ಟಿ ನೆಲ ಎಂದು 1931ರ ಪ್ರಬಂಧದಲ್ಲಿ ಅವರು ವಾದಿಸಿದರು. ಕರ್ನಾಟಕದ ಹಳೆಯ ಬಂಡೆಗಳನ್ನೂ ಒಳಗೊಂಡ ಪರ್ಯಾಯ ದ್ವೀಪದ ಭೂಖಂಡದ್ದೇ ಒಂದು ಚಾಚು ಅದು.

ಬೆಟ್ಟವನ್ನು ಅರಿಯಬೇಕಾದರೆ ಬಯಲನ್ನೂ ಓದಬೇಕು ಎಂಬುದೇ ಈ ಅಧ್ಯಯನದ ತಿರುಳು. ಪರ್ವತ ಮೇಲೇರಿದಂತೆ ಅದರ ಭಾರಕ್ಕೆ ಮುಂದಿನ ನೆಲ ಕೆಳಗೆ ಬಾಗಿ ತಗ್ಗಾಗುತ್ತದೆ. ನದಿಗಳು ಬೆಟ್ಟವನ್ನು ಸವೆಸಿ ತಂದ ಮರಳು, ಜೇಡಿಯನ್ನು ಆ ತಗ್ಗಿಗೆ ತುಂಬುತ್ತವೆ. ಕೆಂಪು ಛಾಯೆಯ ಮರ್ರೀ ಪದರಗಳು, ಅವುಗಳ ನಂತರದ ಶಿವಾಲಿಕ್ ಪದರಗಳು ಶೇಖರವಾದುದು ಹೀಗೆಯೇ. ಶಿವಾಲಿಕ್ ರಾಶಿಯೊಂದೇ ಕೆಲವೆಡೆ ಸುಮಾರು 5 ಕಿ.ಮೀ. ದಪ್ಪವಿದೆ. ಒತ್ತಡ ಮುಂದುವರಿದಾಗ ಹಿಂದಿನ ಬಂಡೆಗಳು ಈ ತುಂಬಿದ ನೆಲದ ಮೇಲೇರಿ ಬರುತ್ತವೆ. ತಗ್ಗಿನ ಮರಳೇ ಮಡಿಕೆ ಬಿದ್ದು ಹೊಸ ಬೆಟ್ಟವಾಗುತ್ತದೆ. ಭೂಫಲಕಗಳ ಚಲನೆಯ ಸಿದ್ಧಾಂತ ಒಪ್ಪಿತವಾಗುವ ಮುನ್ನವೇ ವಾಡಿಯಾ ಈ ಮೇಲೇರಿದ ಬಂಡೆಗಳ ಗಡಿಗಳನ್ನು ನಕ್ಷೆಗಿಳಿಸಿದ್ದರು. ತಿರುವಿನ ಕಾರಣದ ಬಗ್ಗೆ ನಂತರ ಬೇರೆ ವಿವರಣೆಗಳೂ ಬಂದಿವೆ. ಪದರಗಳು ಸುತ್ತಿ ಹೋಗುತ್ತವೆ ಎಂಬ ಅವರ ನಿರೀಕ್ಷಣೆ ಮಾತ್ರ ನಿಂತಿದೆ.

1938ರಲ್ಲಿ ನಿವೃತ್ತರಾದ ಬಳಿಕ ಸಿಂಹಳದಲ್ಲಿ ಸರ್ಕಾರಿ ಖನಿಜತಜ್ಞರಾಗಿ ದುಡಿದರು. ಸ್ವಾತಂತ್ರ್ಯಾನಂತರ ಅಣುಶಕ್ತಿಗೆ ಬೇಕಾದ ಖನಿಜಗಳ ಶೋಧಕ್ಕೆ ಮಾರ್ಗದರ್ಶಕರಾದರು. 1957ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, 1958ರಲ್ಲಿ ಪದ್ಮಭೂಷಣ. 1964ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಭೂವಿಜ್ಞಾನ ಸಮಾವೇಶಕ್ಕೆ ಅವರೇ ಅಧ್ಯಕ್ಷರು. ಹಿಮಾಲಯದ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಬೇಕೆಂಬ ಅವರ ಹಂಬಲ 1968ರಲ್ಲಿ ಈಡೇರಿತು. ಮರುವರ್ಷ ಜೂನ್ 15ರಂದು ಅವರು ನಿಧನರಾದರು. ಡೆಹ್ರಾಡೂನ್‌ಗೆ ಸ್ಥಳಾಂತರಗೊಂಡ ಆ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ.

ವಾಡಿಯಾ ನಡೆದಾಡಿದ ಆ ತಿರುವಿನಲ್ಲೇ 2005ರ ಅಕ್ಟೋಬರ್ 8ರಂದು 7.6 ತೀವ್ರತೆಯ ಭೂಕಂಪ ಸಂಭವಿಸಿತು. ಮುಜಫರಾಬಾದ್ ನೆಲಸಮವಾಯಿತು, 70 ಸಾವಿರಕ್ಕೂ ಹೆಚ್ಚು ಜನ ಅಸುನೀಗಿದರು. ಹಿಮಾಲಯ ಇನ್ನೂ ಏರುತ್ತಿದೆ, ತಪ್ಪಲಿನ ನೆಲ ಇನ್ನೂ ಮಡಿಕೆ ಬೀಳುತ್ತಿದೆ. ಆ ನೆಲದ ಮೇಲೆ ಕೋಟ್ಯಂತರ ಜನ ಮನೆ ಕಟ್ಟಿಕೊಂಡಿದ್ದಾರೆ. ಯಾವ ಬಂಡೆಯ ಮೇಲೆ ಯಾವ ಬಂಡೆ ಏರಿ ಕುಳಿತಿದೆ ಎಂದು ಹೆಜ್ಜೆ ಹೆಜ್ಜೆಗೂ ಗುರುತಿಸಿಟ್ಟ ವಾಡಿಯಾರ ನಕ್ಷೆಗಳ ಮಹತ್ವ ಇರುವುದು ಇಲ್ಲಿಯೇ.