ಬಂದಿದ್ದರೆ, ಬರದಿದ್ದರೆ: ಕಿಟ್ಟೆಲ್ಲರ ಬದುಕಿನಿಂದ ಒಂದು ವ್ಯಾಕರಣ ಪಾಠ

ಬೋಧನಾಭ್ಯಾಸಕ್ಕಾಗಿ ತಂಗಡಗಿಯ ಪ್ರೌಢಶಾಲೆಗೆ ಹೋದಾಗ ನನ್ನ ವಿಷಯ ವಿಜ್ಞಾನ. ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡಿ, ಘರ್ಷಣೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ಹೇಳಿದೆ. ಅರ್ಧ ಮಕ್ಕಳು ನಡೆಯಲು ಆಗುತ್ತಿರಲಿಲ್ಲ ಎಂದು ಬರೆದಿದ್ದರು. ಉಳಿದವರು ನಡೆಯಲು ಆಗುವುದಿಲ್ಲ ಎಂದು ಬರೆದಿದ್ದರು. ಎರಡರ ನಡುವಿನ ವ್ಯತ್ಯಾಸವನ್ನು ವಿವರಿಸಲು ಹೋಗಿ ನಾನೇ ತೊದಲಿದೆ. ಮರುದಿನ ಇದೇ ಬಗೆಯ ವಾಕ್ಯವನ್ನು ಸ್ವಂತವಾಗಿ ಬರೆದು ತರಲು ಹೇಳಿದೆ. ಒಬ್ಬ ಹುಡುಗ, ಮಳಿ ಬಂದಿದ್ರ ಅಪ್ಪ ದುಡಿಯಾಕ ಗೋವಾಕ್ಕ ಹೋಗತಿರಲಿಲ್ಲ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಬಂದಿದ್ರ, ಹೋಗತಿರಲಿಲ್ಲ ಎರಡನ್ನೂ ಹೊಡೆದು ಹಾಕಿದೆ. ಅವನು ಪಟ್ಟಿಯನ್ನು ಮುಚ್ಚಿ ಇಟ್ಟ. ಆ ತಾಸು ಮುಗಿಯುವವರೆಗೆ ಮತ್ತೆ ಬಾಯಿ ತೆರೆಯಲಿಲ್ಲ.

ಆ ರಾತ್ರಿ ನನ್ನ ತಪ್ಪು ನನಗೆ ಹೊಳೆಯಿತು. ಇಡೀ ತರಗತಿಯಲ್ಲಿ ನಡೆಯದ ಸಂಗತಿಯನ್ನು ಸರಿಯಾದ ಕ್ರಿಯಾಪದದಲ್ಲಿ ಹೇಳಿದವನು ಅವನೇ. ಅದನ್ನು ಸರಿಪಡಿಸುವ ದಾರಿ ಹುಡುಕುತ್ತ ನಾನು ಫರ್ಡಿನೆಂಡ್ ಕಿಟ್ಟೆಲ್ಲರ ಬದುಕನ್ನು ಓದಿದೆ. ಆಮೇಲಿನ ಒಂದು ತಾಸಿನಲ್ಲಿ ಮಕ್ಕಳಿಗೆ ಅದನ್ನೇ ಹೇಳಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ತುದಿಯಲ್ಲಿ ಸಮುದ್ರಕ್ಕೆ ಹತ್ತಿರವಾದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಮಗ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ, ಹೆಚ್ಚುಕಡಿಮೆ ನಮ್ಮ ತರಗತಿಯ ಪ್ರಶಿಕ್ಷಣಾರ್ಥಿಗಳ ವಯಸ್ಸು. ಬಂದದ್ದು ಧರ್ಮಪ್ರಚಾರಕ್ಕೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಆದರೆ ಜನರೊಂದಿಗೆ ಮಾತನಾಡಬೇಕಾದರೆ ಅವರ ಮಾತನ್ನು ಪೂರ್ತಿಯಾಗಿ ಕಲಿಯಬೇಕು ಎಂಬ ನಿಲುವಿಗೆ ಅವರು ಬಲು ಬೇಗ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡುತ್ತ ಕನ್ನಡವನ್ನು ಕಲಿತರು. 1862ರಲ್ಲಿ ಕಥಾಮಾಲೆ ಎಂಬ ಕೃತಿಯಲ್ಲಿ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಬರೆದರು.

ಜರ್ಮನ್ ಮಾತೃಭಾಷೆಯವರಿಗೆ ನಮ್ಮ ಕ್ರಿಯಾಪದ ಹೇಗೆ ಕಾಣಿಸಿರಬಹುದು ಎಂದು ನಾನು ಯೋಚಿಸಿದೆ. ನಡೆಯದೆ ಹೋದ ಸಂಗತಿಯನ್ನು ಹೇಳಲು ಜರ್ಮನ್ನಿನಲ್ಲಿ ಹೆಟ್ಟೆ, ವೇರೆ ಎಂಬ ಎರಡು ಸಹಾಯಕ ಕ್ರಿಯಾಪದಗಳಿವೆ. ಒಂದು ಹೊಂದಿರುವುದನ್ನು ಸೂಚಿಸುವ ಧಾತುವಿನದು, ಇನ್ನೊಂದು ಇರುವುದನ್ನು ಸೂಚಿಸುವ ಧಾತುವಿನದು. ಫ್ರೆಂಚಿನಲ್ಲಿಯೂ ಹೀಗೆಯೇ ಎರಡಿವೆ. ಅವುಗಳ ವಿಶೇಷ ಭೂತರೂಪವನ್ನು ಮುಖ್ಯ ಕ್ರಿಯಾಪದದ ಕೃದಂತಕ್ಕೆ ಸೇರಿಸಿದರೆ, ಅವರ ವ್ಯಾಕರಣದಲ್ಲಿ ಪ್ಲ್ಯುಸ್ ಕ ಪಾರ್ಫೆ ದ್ಯು ಸುಬ್‌ಜೊಂಕ್ತಿಫ್ ಎನ್ನುವ ರೂಪ ಸಿದ್ಧವಾಗುತ್ತದೆ. ಷರತ್ತಿನ ವಾಕ್ಯದಲ್ಲಿ ಅದು ಎರಡೂ ಭಾಗಗಳಲ್ಲಿ ಬರಬಹುದು. ಇಂದು ಅದು ಹೆಚ್ಚಾಗಿ ಸಾಹಿತ್ಯದ ಬರಹದಲ್ಲಿ ಮಾತ್ರ ಕಾಣುತ್ತದೆ, ಆಡುಮಾತಿನಲ್ಲಿ ಇಲ್ಲ. ನಮ್ಮಲ್ಲಿ ಹಾಗಲ್ಲ. ಇದೇ ಕೆಲಸವನ್ನು ನಮ್ಮ ಹೊಲದ ಮಾತು ದಿನವೂ ಮಾಡುತ್ತದೆ, ಅದೂ ಇರು ಎಂಬ ಒಂದೇ ಧಾತುವಿನಿಂದ.

ಕಪ್ಪುಹಲಗೆಯ ಮೇಲೆ ನಾನು ಅದನ್ನು ಮೂರು ಹೆಜ್ಜೆಯಲ್ಲಿ ಬರೆದೆ. ಬಾ ಧಾತುವಿನಿಂದ ಬಂದು. ಬಂದು ಜೊತೆಗೆ ಇರು ಸೇರಿ, ಅದರ ಭೂತರೂಪದಲ್ಲಿ ಬಂದಿದ್ದ. ಅದಕ್ಕೆ ಅರೆ ಸೇರಿ ಬಂದಿದ್ದರೆ. ನಿಷೇಧದಲ್ಲಿ ಬರದೆ ಜೊತೆಗೆ ಇದ್ದರೆ ಸೇರಿ ಬರದಿದ್ದರೆ. ಶಾಲಾ ವ್ಯಾಕರಣ ಇವನ್ನು ಪಕ್ಷಾರ್ಥಕ ಎನ್ನುತ್ತದೆ. ಆದರೆ ಸಂಗತಿ ನಡೆಯಿತೋ ಇಲ್ಲವೋ ಎಂಬುದನ್ನು ಪಕ್ಷಾರ್ಥಕ ರೂಪ ಒಂದೇ ಹೇಳಲಾರದು. ಅವನು ಬಂದಿದ್ದರೆ ಒಳಗೆ ಕರೆ ಎಂದರೆ ಅವನು ಬಂದಿರಲೂಬಹುದು. ಅವನು ಬಂದಿದ್ದರೆ ಊಟ ಮಾಡುತ್ತಿದ್ದ ಎಂದರೆ ಅವನು ಬರಲೇ ಇಲ್ಲ. ತೀರ್ಪು ಕೊನೆಯ ಕ್ರಿಯಾಪದದಲ್ಲಿದೆ. ಆ ಕೊನೆಯ ರೂಪವೂ ಒಂಟಿಯಾಗಿ ನಿಂತರೆ, ಊಟ ಮಾಡುತ್ತಿದ್ದ ಎಂಬುದು ಹಿಂದೆ ನಡೆಯುತ್ತಿದ್ದ ಕೆಲಸವನ್ನಷ್ಟೇ ಹೇಳುತ್ತದೆ. ಎರಡೂ ಕೂಡಿದಾಗ ಮಾತ್ರ ನಡೆಯದ ಸಂಗತಿ ಹೊರಡುತ್ತದೆ. ಘರ್ಷಣೆಯ ವಾಕ್ಯದಲ್ಲಿ ಅರ್ಧ ಮಕ್ಕಳು ಎಡವಿದ್ದು ಇಲ್ಲಿಯೇ. ಇಲ್ಲದಿದ್ದರೆ ಎಂಬ ಪದ ಎರಡು ಬಗೆಯ ವಾಕ್ಯಕ್ಕೂ ಒಂದೇ ಆಗಿರುವುದರಿಂದ ಅವರು ಕೊನೆಯ ಕ್ರಿಯಾಪದದ ಕಡೆ ಗಮನ ಕೊಟ್ಟಿರಲಿಲ್ಲ.

ಮತ್ತೆ ಕಿಟ್ಟೆಲ್ಲರ ಕಥೆ. ಮೊದಲ ಹೆಂಡತಿ ಪೌಲೀನ ಅವರು ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ ತೀರಿಕೊಂಡರು. ಆಮೇಲೆ ಆಕೆಯ ಸಹೋದರಿ ಯೂಲಿ ಅವರನ್ನು ಮದುವೆಯಾದರು. ಮಿಷನ್ನಿನ ಒಳಗೂ ಅವರ ದಾರಿ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಹಳೆಯ ಗ್ರಂಥಗಳ ನಡುವೆ ಅವರು ಕಳೆಯುತ್ತಿದ್ದ ಹೊತ್ತು ಪ್ರಚಾರಕ್ಕೆ ಆದ ನಷ್ಟವೆಂದು ಕಂಡವರಿದ್ದರು. ಆದರೂ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಹದಿಮೂರನೆಯ ಶತಮಾನದಲ್ಲಿ ಕಂದ ಪದ್ಯಗಳಲ್ಲಿ ಸೂತ್ರ ಬರೆದ ಕೇಶಿರಾಜನೇ ಅವರಿಗೆ ನಿಜವಾದ ಗುರು.

1877ರಲ್ಲಿ ಆರೋಗ್ಯ ಕೆಟ್ಟು ಅವರು ಜರ್ಮನಿಗೆ ಮರಳಿದರು. ನಿಘಂಟಿನ ಕೆಲಸ ಅರ್ಧದಲ್ಲಿತ್ತು. ಇಲ್ಲಿ ನಾನು ಕಥೆ ನಿಲ್ಲಿಸಿ, ಕಿಟ್ಟೆಲ್ ಮರಳಿ ಬರದಿದ್ದರೆ ಎಂದು ಹಲಗೆಯ ಮೇಲೆ ಬರೆದು, ವಾಕ್ಯವನ್ನು ಮುಗಿಸಲು ಮಕ್ಕಳಿಗೆ ಬಿಟ್ಟೆ. ನಿಘಂಟು ಮುಗಿಯುವುದಿಲ್ಲ ಎಂದು ಒಬ್ಬಳು ಹೇಳಿದಳು. ಮುಗಿಯುತ್ತಿರಲಿಲ್ಲ ಎಂದು ಇನ್ನೊಬ್ಬ ತಿದ್ದಿದ. ಎರಡರಲ್ಲಿ ಯಾವುದು ಸರಿ ಎಂದು ಕೇಳಿದೆ. ಕಿಟ್ಟೆಲ್ ಬಂದರೋ ಇಲ್ಲವೋ ತಿಳಿಯದೆ ಹೇಳಲಾಗದು ಎಂದಿತು ಹಿಂದಿನ ಬೆಂಚು. ನನಗೆ ಬೇಕಾಗಿದ್ದ ಉತ್ತರ ಅದೇ. ಕ್ರಿಯಾಪದವನ್ನು ಆರಿಸುವ ಮೊದಲು ಸಂಗತಿ ಗೊತ್ತಿರಬೇಕು.

ಅವರು ಬಂದರು. 1883ರಲ್ಲಿ, 51ನೆಯ ವಯಸ್ಸಿನಲ್ಲಿ, ನಿಘಂಟನ್ನು ಮುಗಿಸುವುದಕ್ಕೆಂದೇ ಮರಳಿ ಬಂದು ಸುಮಾರು ಒಂಬತ್ತು ವರ್ಷ ದುಡಿದರು. 1892ರಲ್ಲಿ ಜರ್ಮನಿಗೆ ಹೋದವರು ಮತ್ತೆ ಬರಲಿಲ್ಲ. ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಕಾವ್ಯದ ಪದಗಳ ಜೊತೆಗೆ ಗಾದೆಗಳು, ಮನೆಮಾತುಗಳು, ತಮಿಳು, ತೆಲುಗು, ಮಲಯಾಳಂ, ತುಳುಗಳ ಸಂಬಂಧಿ ರೂಪಗಳೂ ಅದರಲ್ಲಿವೆ. ಅಂದು ದಕ್ಷಿಣ ಮರಾಠಾ ಸೀಮೆ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಕಡೆಯ ಮಾತುಗಳಿಗೆ ಅವರು ಬೇರೆ ಗುರುತು ಹಾಕಿದ್ದಾರೆ. ಆ ಗುರುತು ತಪ್ಪಿನದಲ್ಲ, ಊರಿನದು. ಇದನ್ನು ಓದಿದಾಗ ನನ್ನ ಕೆಂಪು ಶಾಯಿ ನೆನಪಾಗಿ ನಾಚಿಕೆಯಾಯಿತು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಹಳೆಯ, ನಡುವಿನ ಮತ್ತು ಹೊಸ ಕನ್ನಡ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಗ್ರಂಥ ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ತೀರಿಕೊಂಡರು. ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಮೂರು ಕಾಲದ ಕನ್ನಡವನ್ನು ಒಟ್ಟಿಗೆ ನೋಡುವ ಅವರ ಕ್ರಮವನ್ನೇ ನಾನು ಪಾಠದ ಕೊನೆಯ ಭಾಗಕ್ಕೆ ಬಳಸಿದೆ. ಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆದೆ: ಹಳಗನ್ನಡದಲ್ಲಿ ಬಂದೊಡೆ, ವಚನಗಳ ಕಾಲದಲ್ಲಿ ಬಂದಡೆ, ಪಠ್ಯಪುಸ್ತಕದಲ್ಲಿ ಬಂದರೆ, ತಂಗಡಗಿಯಲ್ಲಿ ಬಂದ್ರ. ನೀಲಮ್ಮನ ಊರಿನ ಮಕ್ಕಳಿಗೆ ವಚನದ ಡಕಾರ ಹೊಸದೇನಲ್ಲ. ಸಾಲಿನ ಕೊನೆಯಲ್ಲಿ ತಮ್ಮ ಮಾತನ್ನು ಕಂಡು ಅವರು ಮೊದಲು ನಕ್ಕರು, ಆಮೇಲೆ ಬರೆದುಕೊಂಡರು. ಬಂದ್ರ ಎಂಬುದು ಬಂದರೆಯ ಕೆಟ್ಟ ರೂಪವಲ್ಲ, ಅದೇ ಬಳ್ಳಿಯ ಇನ್ನೊಂದು ಕುಡಿ ಎಂದು ಹೇಳಿದೆ. ಪರೀಕ್ಷೆಯಲ್ಲಿ ಪುಸ್ತಕದ ರೂಪವನ್ನೇ ಬರೆಯಬೇಕು ಎಂಬುದನ್ನೂ ಹೇಳಿದೆ. ಎರಡನ್ನೂ ಹೇಳುವುದು ಶಿಕ್ಷಕರ ಕೆಲಸ.

ಮನೆಗೆಲಸವಾಗಿ ಪ್ರತಿಯೊಬ್ಬರೂ ಊರಿನ ಒಂದು ಸಂಗತಿಯ ಬಗ್ಗೆ ಎರಡು ವಾಕ್ಯ ಬರೆಯಬೇಕಿತ್ತು: ಒಂದು ನಡೆಯಬಹುದಾದದ್ದು, ಒಂದು ನಡೆಯದೆ ಹೋದದ್ದು. ಕಲ್ಯಾಣದಿಂದ ಹಡಪದ ಅಪ್ಪಣ್ಣನವರೊಂದಿಗೆ ಹೊರಟ ನೀಲಮ್ಮ, ಬಸವಣ್ಣನವರು ಸಂಗಮದಲ್ಲಿ ಐಕ್ಯರಾದ ಸುದ್ದಿ ತಿಳಿದು ಇಲ್ಲಿಯೇ ಐಕ್ಯಳಾದಳೆಂದು ಊರವರು ಹೇಳುತ್ತಾರೆ. ಆಕೆ ಹೊಳೆ ದಾಟಿದ್ದರೆ ನಮ್ಮೂರಿನಲ್ಲಿ ಗುಡಿ ಇರುತ್ತಿರಲಿಲ್ಲ ಎಂದು ಒಬ್ಬ ಹುಡುಗಿ ಬರೆದು ತಂದಳು. ಎರಡೂ ಕ್ರಿಯಾಪದ ಸರಿಯಾಗಿದ್ದವು.

ಗೋವಾದ ವಾಕ್ಯ ಬರೆದ ಹುಡುಗನ ಪಟ್ಟಿಯನ್ನು ನಾನೇ ಕೇಳಿ ಪಡೆದೆ. ಹೊಡೆದು ಹಾಕಿದ ಸಾಲಿನ ಕೆಳಗೆ ಅವನ ವಾಕ್ಯವನ್ನು ಇದ್ದ ಹಾಗೆಯೇ ಬರೆದು ಸರಿ ಗುರುತು ಹಾಕಿದೆ. ಪಕ್ಕದಲ್ಲಿ ಬಂದಿದ್ದರೆ, ಹೋಗುತ್ತಿರಲಿಲ್ಲ ಎಂಬ ಪುಸ್ತಕದ ರೂಪಗಳನ್ನೂ ಬರೆದೆ. ಅವನು ಎರಡನ್ನೂ ಓದಿ, ಈ ಸಲ ಮಳಿ ಬಂದ್ರ ಅಪ್ಪ ಬರತಾನ ಎಂದ. ಮನೆಗೆಲಸದ ಮೊದಲ ಬಗೆಯ ವಾಕ್ಯವೂ ಅವನದು ಆಯಿತು.