ಸರ್ ಥಾಮಸ್ ಮನ್ರೋ

ಇಚಿಲಂಪಾಡಿ, ಕಡಬ, ಪುತ್ತೂರುಗಳ ಈ ಸೀಮೆಯು ಕುಂಪಣಿ ಸರಕಾರದ ಕೈಸೇರಿದಾಗ ಕನ್ನಡ ಜಿಲ್ಲೆಗೆ ಮೊದಲನೆಯ ಕಲೆಕ್ಟರರಾಗಿ ಬಂದವರು ಥಾಮಸ್ ಮನ್ರೋ ಸಾಹೇಬರು. ಅವರೇ ಇಪ್ಪತ್ತು ವರುಷಗಳ ತರುವಾಯ ಮದ್ರಾಸಿನ ಗವರ್ನರರಾದರು.

ಇವರು 1761ನೆಯ ಇಸವಿ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಅಮೇರಿಕದ ವರ್ಜೀನಿಯದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡಿಸುತ್ತಿದ್ದರು. ಅಲ್ಲಿಯ ಜನರು ಸ್ವಾತಂತ್ರ್ಯಕ್ಕಾಗಿ ಯುದ್ಧ ಹೂಡಲು ಆ ವ್ಯಾಪಾರವು ಮುರಿದುಬಿತ್ತು. ಮನೆತನಕ್ಕೆ ಬಡತನವು ಬಂತು. ಹೀಗೆ ದೂರದೇಶದ ಸ್ವಾತಂತ್ರ್ಯವೇ ಈ ಯುವಕನನ್ನು 1780ರಲ್ಲಿ ಕುಂಪಣಿಯ ಸೈನ್ಯದ ಕೆಡೆಟ್ಟಾಗಿ ಮದ್ರಾಸಿಗೆ ತಂದಿತೆನ್ನಬಹುದು.

ಹೈದರಾಲಿಯೊಡನೆ ಯುದ್ಧ, ಬಾರಾಮಹಲಿನಲ್ಲಿ ಕಂದಾಯದ ಕೆಲಸ, ಇವುಗಳಲ್ಲಿ ಅವರು ಪಳಗಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನಮ್ಮ ಜಿಲ್ಲೆಗೆ ಬಂದರು; ಬಂದದ್ದು ಮನಸ್ಸಿಲ್ಲದ ಮನಸ್ಸಿನಿಂದ. ನಮ್ಮ ಮಳೆಗಾಲವು ಅವರಿಗೆ ಸ್ವಲ್ಪವೂ ಸೊಗಸಲಿಲ್ಲ. ಒಕ್ಕಲುಗಳು ಕೂಟಕೂಡಿ ಕಂದಾಯದ ಮಾತಿಗೆ ಬರಲೊಲ್ಲದೆ ಹೋದರು. ವಿಟ್ಲದ ಹೆಗ್ಗಡೆಯು ದಂಗೆಯೆದ್ದನು, ಮತ್ತು ಆ ದಂಗೆಯು ಕಠಿನವಾಗಿ ಅಡಗಿಸಲ್ಪಟ್ಟಿತು. ಆದರೆ ಹಳೆಯ ಲೆಕ್ಕಪತ್ರಗಳನ್ನು ಶೋಧಿಸಿ, ಇಲ್ಲಿಯ ಭೂಮಿಯು ಪೂರ್ವದಿಂದಲೂ ಒಕ್ಕಲುಗಳ ಸ್ವಂತ ಸೊತ್ತೆಂದು ಅವರು ಸರಕಾರಕ್ಕೆ ಬರೆದು ತಿಳಿಸಿದ್ದು ಚಿಕ್ಕ ಉಪಕಾರವಲ್ಲ. 1800ರಲ್ಲಿಯೇ ಬಳ್ಳಾರಿ, ಕಡಪೆಗಳ ಕಡೆಗೆ ವರ್ಗವಾಗಿ, ಏಳು ವರುಷ ರೈತವಾರಿ ಪದ್ಧತಿಯನ್ನು ಅಲ್ಲಿ ನೆಲೆಗೊಳಿಸಿದರು.

ಗವರ್ನರರ ಆಯ್ಕೆಯ ಸಂಗತಿಯು ವಿಚಿತ್ರವಾದದ್ದು. ಆ ಕಾಲದಲ್ಲಿ ಅಮೇರಿಕದ ಅನೇಕ ಸಂಸ್ಥಾನಗಳವರು ತಮ್ಮ ಗವರ್ನರನನ್ನು ಮತಕೊಟ್ಟು ಆರಿಸುತ್ತಿದ್ದರು. ಅಲ್ಲಿಯೂ ಹೆಂಗಸರಿಗೆ ಮತವಿರಲಿಲ್ಲ. ನಮ್ಮ ಗವರ್ನರನನ್ನಾದರೋ ಲಂಡನ್ನಿನಲ್ಲಿ ಕುಳಿತ 24 ಮಂದಿ ಡೈರೆಕ್ಟರರು ನೇಮಿಸುತ್ತಿದ್ದರು. ಒಬ್ಬ ರೈತನನ್ನಾದರೂ ಕೇಳಿದ್ದಿಲ್ಲ. ಬೊಂಬಾಯಿಯ ಗವರ್ನರಿಕೆಗೆ ಮಂತ್ರಿ ಕ್ಯಾನಿಂಗರು ಎಲ್ಫಿನ್‌ಸ್ಟನ್, ಮಾಲ್ಕಂ, ಮನ್ರೋ ಎಂಬ ಮೂವರ ಹೆಸರುಗಳನ್ನು ಸೂಚಿಸಿದರು. ಅದು ಎಲ್ಫಿನ್‌ಸ್ಟನ್ನರಿಗೆ ದೊರೆಯಿತು. ಮಾಲ್ಕಂ ಬಹಳ ನೊಂದುಕೊಂಡರು. ಬಳಿಕ ಮದ್ರಾಸು ಮನ್ರೋರಿಗೆ ಲಭಿಸಿತು. 1820ನೆಯ ಜೂನ್ 10ರಂದು ಅಧಿಕಾರ ವಹಿಸಿದರು.

ವಿದ್ಯಾರ್ಥಿನಿಯರು ಗಮನಿಸತಕ್ಕದ್ದು ಮುಂದಿನದು. 1822ರಲ್ಲಿ ಮನ್ರೋರವರು, ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳೆಂದು ಲೆಕ್ಕ ಕೇಳಿದರು. ಒಟ್ಟು 12,498 ಶಾಲೆಗಳು, ಹುಡುಗರು 1,84,110, ಹುಡುಗಿಯರು 4,540 ಮಾತ್ರ! ನಮ್ಮ ಕನ್ನಡ ಜಿಲ್ಲೆಯ ಕಲೆಕ್ಟರರಾದರೋ, ಇಲ್ಲಿ ಕಲಿಸುವಿಕೆಯು ಮನೆಗಳಲ್ಲಿಯೇ ನಡೆಯುವುದೆಂದು ಬರೆದು ಅಂಕೆಗಳನ್ನೇ ಕೊಡಲಿಲ್ಲ. 1826ರಲ್ಲಿ ಮನ್ರೋರವರು ಜಿಲ್ಲೆಗೂ ತಾಲೂಕಿಗೂ ಶಾಲೆಗಳನ್ನು ಸ್ಥಾಪಿಸುವ ಏರ್ಪಾಡು ಮಾಡಿದರು.

ಅದು ಬೇರೂರುವುದನ್ನು ನೋಡಲು ಅವರಿಗೆ ಆಯುಸ್ಸಿರಲಿಲ್ಲ. ಅಸ್ವಸ್ಥನಾದ ಮಗನೊಡನೆ ಪತ್ನಿಯವರು ಮುಂಚಿತವಾಗಿಯೇ ಇಂಗ್ಲೆಂಡಿಗೆ ಹೋಗಿದ್ದರು. ತಾವೂ ಹೊರಡುವ ಮುನ್ನ ತಮ್ಮ ಹಳೆಯ ರೈತರನ್ನು ಕಾಣಹೋದ ಮನ್ರೋರವರು, 1827ನೆಯ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯ ರೋಗದಿಂದ ತೀರಿಕೊಂಡರು. ಅವರ ಶಾಲೆಗಳ ಏರ್ಪಾಡು 1836ರಲ್ಲಿ ನಿಂತುಹೋಯಿತು. ಅದಕ್ಕೆ ಎರಡು ವರುಷ ಮೊದಲೇ, 1834ರಲ್ಲಿ, ಬಾಸೆಲ್ ಮಿಶನಿನ ಬೋಧಕರು ಮಂಗಳೂರಿಗೆ ಬಂದಿಳಿದಿದ್ದರು.