ಧಾರವಾಡದಲ್ಲಿ ಹುಟ್ಟಿದ ಚೆಂಡುಗಾರ

ಧಾರವಾಡವೆಂದೊಡನೆ ನಮ್ಮ ಓದುಗರಿಗೆ ಕವಿಗಳೂ ಗಾಯಕರೂ ನೆನಪಾಗುವುದು ಸಹಜ. ಅದೇ ಊರಿನಲ್ಲಿ 1876ರಲ್ಲಿ ಹುಟ್ಟಿದ ಒಬ್ಬ ಆಟಗಾರರ ಹೆಸರು ಮಾತ್ರ ಸಾಹಿತ್ಯದ ಪುಟಗಳಲ್ಲಿ ಕಾಣಿಸುವುದು ಅಪರೂಪ. ಅವರು ಪಾಳವಣಕರ ಬಾಳೂ. ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಎಂದು ಇತಿಹಾಸಕಾರರು ಎಣಿಸುವುದು ಇವರನ್ನೇ. ಅಸ್ಪೃಶ್ಯರೆನಿಸಿಕೊಂಡ ಜನರ ನಡುವಿನಿಂದ ಬಂದು ಕ್ರಿಕೆಟ್ಟಿನಲ್ಲಿ ದೇಶಕ್ಕೆಲ್ಲ ಹೆಸರಾದವರಲ್ಲಿಯೂ ಇವರೇ ಮೊದಲಿಗರು. ಕನ್ನಡ ಪಾಠ ಹೇಳುವ ನನಗೆ ಆ ಆಟದ ಸೂಕ್ಷ್ಮಗಳೆಲ್ಲ ತಿಳಿದಿವೆಯೆಂದಲ್ಲ. ಬಾಳೂ ಅವರಿಗೆ ಸಂದದ್ದಕ್ಕಿಂತ ಸಲ್ಲದೆ ಹೋದದ್ದು ನನ್ನನ್ನು ಕಾಡುತ್ತ ಬಂದಿದೆ. ಅದಕ್ಕಾಗಿ ಈ ಬರಹ.

ಪಾಳಾದ ವಿದ್ಯಾರ್ಥಿಯೊಬ್ಬ ಈ ಅಡ್ಡಹೆಸರನ್ನು ಕೇಳಿ, ಇವರು ನಮ್ಮೂರಿನವರೇ ಇರಬೇಕೆಂದು ಹಿಗ್ಗಿದ್ದುಂಟು. ಪಾಪ, ಹಾಗಿಲ್ಲ. ಆ ಹೆಸರು ಬಂದದ್ದು ಕೊಂಕಣದ ಪಾಳವಣವೆಂಬ ಹಳ್ಳಿಯಿಂದ. ಮುಂಡಗೋಡ ಸೀಮೆಯ ಪಾಳಾಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಂದು ನಂಟನ್ನು ಹೇಳಬಹುದು. ಧಾರವಾಡವೂ ನಮ್ಮ ಉತ್ತರ ಕನ್ನಡವೂ ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಓದಿಗಾಗಲಿ ಹೊಟ್ಟೆಪಾಡಿಗಾಗಲಿ ಈ ಕಡೆಯ ಜನ ಪುಣೆ, ಮುಂಬಯಿಗಳತ್ತ ಮುಖ ಮಾಡುತ್ತಿದ್ದ ಕಾಲವದು. ಬಾಳೂ ಅವರ ಬದುಕು ಬೆಳೆದದ್ದೂ ಆ ಎರಡು ನಗರಗಳಲ್ಲಿಯೇ.

ಅವರದು ಚಮ್ಮಾರರ ಮನೆತನ. ತಂದೆಗೆ ಸೈನ್ಯದ ಚಾಕರಿ. ಗೋರಾ ಅಧಿಕಾರಿಗಳು ಆಡಿ ಬಿಟ್ಟ ದಾಂಡು, ಚೆಂಡುಗಳನ್ನು ಹಿಡಿದು ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಪುಣೆಯ ಪಾರಸಿಗಳ ಕ್ಲಬ್ಬೊಂದರಲ್ಲಿ ಮೈದಾನ ಗುಡಿಸಿ, ರೋಲರ್ ಎಳೆಯುವುದು ಬಾಳೂ ಅವರ ಮೊದಲ ಉದ್ಯೋಗ. ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳ 4 ರೂಪಾಯಿಯಾಯಿತು. ಅಲ್ಲಿ ಬಲೆ ಕಟ್ಟುವುದು, ಗೆರೆ ಎಳೆಯುವುದು ಇವರ ಕೆಲಸ. ಬರಬರುತ್ತ ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುವ ಕೆಲಸವೂ ಸೇರಿತು. ಹ್ಯಾಂಪ್‌ಷೈರಿನ ಹೆಸರಾಂತ ದಾಂಡಿಗ ಗ್ರೇಗ್ ಸಾಹೇಬರು ತಮ್ಮನ್ನು ಔಟು ಮಾಡಿದಾಗಲೆಲ್ಲ ಇವರಿಗೆ 8 ಆಣೆ ಕೊಡುತ್ತಿದ್ದರೆಂದು ಪ್ರತೀತಿ. ಗಂಟೆಗಟ್ಟಲೆ ನಡೆದ ಆ ದುಡಿಮೆಯೇ ಬಾಳೂ ಅವರ ಗುರುಕುಲ. ಎಡಗೈಯಿಂದ ನಿಧಾನವಾಗಿ ಎಸೆದ ಚೆಂಡನ್ನು ಎರಡೂ ಕಡೆ ತಿರುಗಿಸುವ ಕೌಶಲ ಅಲ್ಲಿಯೇ ಪಕ್ವವಾಯಿತು. ಇಷ್ಟಾದರೂ ದಾಂಡು ಹಿಡಿಯುವ ಅವಕಾಶ ಮಾತ್ರ ಆ ಕ್ಲಬ್ಬಿನಲ್ಲಿ ಅವರಿಗೆ ಒಮ್ಮೆಯೂ ಒದಗಲಿಲ್ಲ.

ಪುಣೆಯ ಹಿಂದೂ ತಂಡದವರಿಗೆ ಧರ್ಮಸಂಕಟ ಹುಟ್ಟಿತು. ಸಾಹೇಬರನ್ನು ಸೋಲಿಸಬೇಕಾದರೆ ಈ ಬೌಲರ್ ಬೇಕು; ಸೇರಿಸಿಕೊಂಡರೆ ಮಡಿ ಕೆಡುತ್ತದೆ. ಕಡೆಗೆ ಗೆಲುವಿನ ಆಸೆ ಮೇಲುಗೈಯಾಯಿತು. ಆದರೆ ಅವರು ಕಂಡುಕೊಂಡ ಉಪಾಯವನ್ನು ನೋಡಿ: ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುವರು, ಅದಕ್ಕೆ ಮೈಲಿಗೆಯಿಲ್ಲ. ವಿರಾಮದ ಹೊತ್ತಿಗೆ ಬಾಳೂ ಮಾತ್ರ ಹೊರಗೆ ನಿಂತು, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿಯಬೇಕು; ಊಟಕ್ಕೆ ಬೇರೆಯೇ ಮೇಜು. ನಮ್ಮ ವಚನಕಾರರನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ಆ ಕುಡಿಕೆಯ ನೆನಪಾಗುತ್ತದೆ. ಸಾತಾರದಲ್ಲಿ ಗೋರಾಗಳ ತಂಡವನ್ನು ಮಣಿಸಿದಾಗ ಬಾಳೂ 7 ವಿಕೆಟ್ ಪಡೆದಿದ್ದರು. ಮಹಾದೇವ ಗೋವಿಂದ ರಾನಡೆಯವರು, ಜೊತೆಯಲ್ಲಿ ಆಡಬಹುದಾದರೆ ಜೊತೆಯಲ್ಲಿ ಉಣ್ಣಲೇಕೆ ಬಾರದೆಂದು ಸಭೆಯಲ್ಲಿಯೇ ಕೇಳಿದರು.

ಪುಣೆಯಲ್ಲಿ ಪ್ಲೇಗು ಹಬ್ಬಿದ ದಿನಗಳಲ್ಲಿ ಬಾಳೂ ಮುಂಬಯಿಗೆ ಬಂದು ಹಿಂದೂ ಜಿಮಖಾನೆಯ ಪರವಾಗಿ ಆಡತೊಡಗಿದರು. ಪುಣೆಯ ಕಟ್ಟುಗಳು ಇಲ್ಲಿ ಬಹುಮಟ್ಟಿಗೆ ಸಡಿಲಿದವು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ವಂಗಭಂಗದ ಬಿಸಿ ಆರದ ದಿನಗಳವು; ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ್ದು ಜನರಿಗೆ ಹಬ್ಬವಾಯಿತು. ಬಾಳೂ, ಶಿವರಾಮ ಇಬ್ಬರೂ ಆ ಪಂದ್ಯದಲ್ಲಿದ್ದರು.

1911ರಲ್ಲಿ ಮೊದಲ ಅಖಿಲ ಭಾರತ ತಂಡ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋಯಿತು. ಗೆದ್ದದ್ದಕ್ಕಿಂತ ಸೋತ ಪಂದ್ಯಗಳೇ ಬಹಳ. ಆದರೆ 35 ವರ್ಷದ ಬಾಳೂ ಆ ಪ್ರವಾಸದಲ್ಲಿ ಒಟ್ಟು 114 ವಿಕೆಟ್ ಪಡೆದರು. ಅವುಗಳಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳವು.

ಇನ್ನು ನಾಯಕತ್ವದ ಮಾತು. ಊರಿಗೆ ಮರಳಿದ ಮೇಲೆ ತಂಡದಲ್ಲಿ ಬಾಳೂ ಅವರಷ್ಟು ಅನುಭವಿ ಮತ್ತೊಬ್ಬರಿರಲಿಲ್ಲ. ಆದರೂ ವರ್ಷವರ್ಷವೂ ನಾಯಕರನ್ನು ಆರಿಸುವಾಗ ಅವರ ಹೆಸರು ಬದಿಗೆ ಸರಿಯುತ್ತಿತ್ತು. ನಾಯಕರಾದ ಎಂ. ಡಿ. ಪೈ ಅವರು, ಆ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ತಮ್ಮ ಸನ್ಮಾನದ ಸಭೆಯಲ್ಲಿಯೇ ಹೇಳಿದರು. ಹಾಗೆ ಹೇಳಲು ದೊಡ್ಡ ಮನಸ್ಸು ಬೇಕು. 1920ರಲ್ಲಿ ಪೈ ಅಸ್ವಸ್ಥರಾದಾಗ ನಾಯಕತ್ವ ಡಿ. ಬಿ. ದೇವಧರರ ಪಾಲಾಯಿತು, ಬಾಳೂ ಅವರನ್ನಂತೂ ತಂಡದಿಂದಲೇ ಕೈಬಿಟ್ಟಿದ್ದರು. ಆಗ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ, ಇದು ಜಾತಿ ನೋಡಿ ಮಾಡಿದ ಅನ್ಯಾಯವೆಂದು ಬಹಿರಂಗವಾಗಿ ಹೇಳಿಕೆ ಕೊಟ್ಟು ತಂಡದಿಂದ ಹೊರಗುಳಿದರು. ಕೂಲಿಗೆ ರೋಲರ್ ಎಳೆದ ಮನೆಯ ಮಕ್ಕಳು ಹೀಗೆ ಎದೆಯೊಡ್ಡಿ ನಿಂತದ್ದನ್ನು ನಾನು ಯಾವ ಗೆಲುವಿಗೂ ಕಡಿಮೆಯೆಂದು ಎಣಿಸಲಾರೆ. ವಿಷಯ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಪಾರಸಿಗಳೊಡನೆ ನಡೆದ ಅಂತಿಮ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕರೆಂದು ಕರೆತಂದರು. ಪೈ ಮೈದಾನದಿಂದ ಹೊರಗೆ ಹೋದಷ್ಟು ಹೊತ್ತು 44 ವರ್ಷದ ಬಾಳೂ ತಂಡವನ್ನು ನಡೆಸಿದರು. ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ದಲಿತರೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು. ತಂಡ ಯುರೋಪಿಯನ್ನರನ್ನು ಗೆದ್ದಿತು. ಅಭಿಮಾನಿಗಳು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಆಟದಿಂದ ನಿವೃತ್ತರಾದ ಬಾಳೂ ರಾಜಕೀಯಕ್ಕೆ ಬಂದರು. ತರುಣ ಅಂಬೇಡ್ಕರರಿಗೆ ಅವರೆಂದರೆ ಅಭಿಮಾನವಿತ್ತು. ಆದರೆ 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಳೂ ಎದುರು ಪಕ್ಷದಲ್ಲಿ ನಿಂತರು. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಉಮೇದುವಾರರಾಗಿ ಅಂಬೇಡ್ಕರರನ್ನೇ ಎದುರಿಸಿದರು. ಅಂಬೇಡ್ಕರರಿಗೆ 13,245, ಬಾಳೂ ಅವರಿಗೆ 11,225 ಮತಗಳು ಬಂದವು. ಇದನ್ನು ಹಿಡಿದು ಅವರನ್ನು ಹಗುರವಾಗಿ ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಂದೇ ಮೈದಾನ ತನ್ನನ್ನೂ ಇತರರನ್ನೂ ಕೂಡಿಸಿದ್ದನ್ನು ಕಂಡವರಿಗೆ ಬೇರೆಯಾಗುವ ದಾರಿ ಹಿಡಿಸದೆ ಇದ್ದಿರಬಹುದು. ಅದೇ ಮೈದಾನದ ಅಂಚಿನಲ್ಲಿ ಕುಡಿಕೆ ಹಿಡಿದು ನಿಂತವರೂ ಅವರೇ ಎಂಬುದನ್ನು ಅಂಬೇಡ್ಕರರ ಪಕ್ಷದವರು ಮರೆಯಲಿಲ್ಲ.

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್‌ಗಳು ಅವರ ಲೆಕ್ಕದಲ್ಲಿದ್ದವು. ಸಾಂತಾಕ್ರೂಜಿನಲ್ಲಿ ನಡೆದ ಅಂತ್ಯಕ್ರಿಯೆಗೆ ಕ್ರಿಕೆಟ್ ಆಟಗಾರರೂ ದಲಿತ ಮುಖಂಡರೂ ಬಂದಿದ್ದರು.